ನಮ್ಮವರೇ ಬೇಕು ಅಂದಿದ್ದೆವು

ಅಕ್ಕನಿಗೆ ಲಕ್ವ ಹೊಡೆದದ್ದು ಹುಳದ ಮನೆಯಲ್ಲಿ. ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದವಳ ಎಡಗೈಯಿಂದ ಪುಟ್ಟಿ ಜಾರಿ ಬಿತ್ತು. "ಕೈ ಯಾಕೋ ನನ್ನ ಮಾತು ಕೇಳ್ತಿಲ್ಲ ಕಣೇ" ಎಂದು ನನ್ನ ಹೆಂಡತಿಗೆ ಹೇಳಿ ಅಲ್ಲೇ ಕುಸಿದಳಂತೆ. ಚಿಕ್ಕಬಳ್ಳಾಪುರದ ಆಸ್ಪತ್ರೆಯವರು ಜೀವ ಉಳಿಸಿ ಕೊಟ್ಟರು. ಎಡಗೈ ಎಡಗಾಲು ಮಾತ್ರ ಅವರಿಂದಲೂ ಆಗಲಿಲ್ಲ. ಮಾತು ಉಳಿದಿತ್ತು. ಸ್ವಲ್ಪ ತೊದಲು ಸೇರಿಕೊಂಡಿತ್ತು, ಆದರೆ ನನ್ನನ್ನು ಬೈಯುವುದಕ್ಕೆ ಅದೇನೂ ಅಡ್ಡಿಯಾಗಲಿಲ್ಲ.

ಅಕ್ಕ ನನಗಿಂತ ಬಹಳ ದೊಡ್ಡವಳು. ಮದುವೆಯಾದ ಹೊಸದರಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಮತ್ತೆ ಎಲ್ಲಿಗೂ ಹೋಗಲಿಲ್ಲ. ಜಂಗಮಕೋಟೆಯ ನಮ್ಮ ಮನೆ, ತೋಟ, ಹುಳ, ಹಸು ಎಲ್ಲವನ್ನೂ ನಡೆಸಿದವಳು ಅವಳೇ. ನಾನು ಮೇಲೂರಿನ ಶಾಲೆಯಲ್ಲಿ ಮೇಷ್ಟ್ರು. ಮನೆಯಲ್ಲಿ ಮಾತ್ರ ಇವತ್ತಿಗೂ ಅವಳ ವಿದ್ಯಾರ್ಥಿ. ನನ್ನ ಒಬ್ಬಳೇ ಮಗಳಿಗೆ ಗಂಡು ಹುಡುಕಿ, ಚಿಂತಾಮಣಿಯ ಕಡೆ ಕೆಂಚಾರ್ಲಹಳ್ಳಿಗೆ ಕೊಟ್ಟು ಮದುವೆ ಮಾಡಿದವಳೂ ಅಕ್ಕನೇ. ಆ ಮದುವೆಯ ಚಪ್ಪರದ ಕೆಳಗೆ ನಾನೂ ಒಬ್ಬ ನೆಂಟನ ಹಾಗೆ ಓಡಾಡಿಕೊಂಡಿದ್ದೆ.

ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ಕಷ್ಟ ಏನೆಂದು ಗೊತ್ತಾಯಿತು. ಹುಳದ ಮನೆಗೂ ರೋಗಿಯ ಕೋಣೆಗೂ ಒಂದೇ ಜೊತೆ ಕೈ ಸಾಲುವುದಿಲ್ಲ. ಹುಳ ಬಲು ಸೂಕ್ಷ್ಮದ ಜೀವ. ಫಿನಾಯಿಲ್ ವಾಸನೆ ಆಗದು, ಗಲೀಜು ಕೈ ಆಗದು. ನನ್ನ ಹೆಂಡತಿ ಅಕ್ಕನ ಬಟ್ಟೆ ಬದಲಾಯಿಸಿ, ಸ್ನಾನ ಮಾಡಿ, ಹುಳಕ್ಕೆ ಸೊಪ್ಪು ಹಾಕಿ ಬರುವಷ್ಟರಲ್ಲಿ ಅಕ್ಕ ಮತ್ತೆ ಒದ್ದೆಯಾಗಿರುತ್ತಿದ್ದಳು. ಮತ್ತೆ ಅದೇ ಸುತ್ತು. ಒಂದು ದಿನ ಹೆಂಡತಿ ಬಚ್ಚಲಲ್ಲೇ ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು. ಮಗಳು ಬಂದು ಕೆಲವು ದಿನ ಇದ್ದು ನೋಡಿಕೊಂಡಳು. ಆದರೆ ಅವಳಿಗೂ ಅಲ್ಲಿ ಹುಳ, ಹಸು, ಮನೆ ತುಂಬ ಜನ.

ನಾನು ಇದ್ದೂ ಇಲ್ಲದ ಹಾಗೆ. ಊಟ ಮಾಡಿಸಬಹುದಿತ್ತು, ಮಾತ್ರೆ ಕೊಡಬಹುದಿತ್ತು, ಎತ್ತಿ ಕೂರಿಸಬಹುದಿತ್ತು. ಸೀರೆಯ ಮಾತು ಬಂದ ಕೂಡಲೇ "ನೀನು ಆಚೆ ಹೋಗೋ" ಎನ್ನುವಳು. ನಾನು ಅಂಗಳದಲ್ಲಿ ನಿಂತು, ಒಳಗೆ ಹೆಂಡತಿಯೊಬ್ಬಳೇ ಅಕ್ಕನನ್ನು ಹೊರಳಿಸಲಾರದೆ ಏದುಸಿರು ಬಿಡುವುದನ್ನು ಕೇಳಿಸಿಕೊಳ್ಳುತ್ತಿದ್ದೆ. ಒಡಹುಟ್ಟಿದ ತಮ್ಮ ಅಕ್ಕನ ಮೈ ಮುಟ್ಟಿ ತೊಳೆಯುವುದು ನಮ್ಮಲ್ಲಿ ಇಲ್ಲ. ಯಾರೂ ಹೇಳಿಕೊಟ್ಟದ್ದಲ್ಲ, ಎಲ್ಲೂ ಬರೆದಿಟ್ಟದ್ದೂ ಅಲ್ಲ. ಇಲ್ಲ ಅಂದರೆ ಇಲ್ಲ, ಅಷ್ಟೇ.

ಕೊನೆಗೆ ಶಾಲೆಯ ಸಹೋದ್ಯೋಗಿಯೊಬ್ಬರು ಹೇಳಿದರೆಂದು ಚಿಕ್ಕಬಳ್ಳಾಪುರದ ಒಂದು ಏಜೆನ್ಸಿಗೆ ಹೋದೆ. ಮನೆಗೆ ಬಂದು ರೋಗಿಗಳನ್ನು ನೋಡಿಕೊಳ್ಳುವವರನ್ನು ಕಳಿಸುವ ಜಾಗ. ಮೆಡಿಕಲ್ ಅಂಗಡಿಯ ಮೇಲೆ ಒಂದು ಸಣ್ಣ ಕೋಣೆ, ಎರಡು ಕುರ್ಚಿ, ಬಿಡುವಿಲ್ಲದೆ ಹೊಡೆದುಕೊಳ್ಳುವ ಫೋನು. ನಮ್ಮ ಕಡೆ ಇಂಥವರನ್ನೆಲ್ಲ ಸಾರಾಸಗಟಾಗಿ 'ಹೋಂ ನರ್ಸ್' ಅಂದುಬಿಡುತ್ತೇವೆ. ಅಲ್ಲಿ ಕೂತಿದ್ದಾತ ನನಗೆ ಪಾಠ ಮಾಡಿದ. ಸ್ನಾನ, ಊಟ, ಬಟ್ಟೆ, ಹೊರಳಿಸುವುದು, ಇದನ್ನೆಲ್ಲ ಮಾಡುವವರು ಅಟೆಂಡರ್. ಇಂಜೆಕ್ಷನ್, ನಳಿಗೆ, ಗಾಯದ ಡ್ರೆಸ್ಸಿಂಗ್ ಅಂದರೆ ನರ್ಸೇ ಬೇಕು. ಅಕ್ಕ ತಾನೇ ಊಟ ಮಾಡುತ್ತಾಳೆಯೇ, ನುಂಗುವಾಗ ಕೆಮ್ಮುತ್ತಾಳೆಯೇ, ಬೆನ್ನಲ್ಲಿ ಹುಣ್ಣಿದೆಯೇ ಎಂದೆಲ್ಲ ವಿಚಾರಿಸಿದ. ಬಂದವರಿಂದ ಮನೆಮಂದಿಗೆಲ್ಲ ಅಡುಗೆ ಮಾಡಿಸುವಂತಿಲ್ಲ, ಕಸ ಗುಡಿಸಿಸುವಂತಿಲ್ಲ, ಮಲಗಲು ಜಾಗ ಕೊಡಬೇಕು, ಬಿಡುವು ಕೊಡಬೇಕು ಎಂದ. ಎಲ್ಲಕ್ಕೂ ಹ್ಞೂಂ ಅಂದೆ. "ಮತ್ತೇನಾದ್ರೂ ಕೇಳೋದಿದೆಯಾ ಸಾರ್?" ಅಂದ.

"ಜನ ನಮ್ಮ ಕಡೆಯವರೇ ಆಗಬೇಕು" ಎಂದೆ.

ಅದು ಮನೆಯಲ್ಲಿ ಎಲ್ಲರೂ ಕೂತು ಆಡಿದ್ದ ಮಾತು. ಅಕ್ಕನೂ ಅದನ್ನೇ ಹೇಳಿದ್ದಳು, ನನ್ನ ಹೆಂಡತಿಯೂ ಅದನ್ನೇ ಹೇಳಿದ್ದಳು. ಗೊತ್ತಿಲ್ಲದ ಯಾರನ್ನೋ ಒಳಮನೆಗೆ ಬಿಟ್ಟುಕೊಳ್ಳುವುದು ಹೇಗೆ? 'ನಮ್ಮ ಕಡೆಯವರು' ಎಂಬ ಆ ಎರಡು ಮಾತಿನಲ್ಲಿ ಊರು, ಜಾತಿ, ಊಟ, ಭಾಷೆ ಎಲ್ಲ ಅಡಗಿದೆ ಎನ್ನುವುದು ನಮ್ಮ ಜಿಲ್ಲೆಯಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಆತ ಬಿಡಿಸಿ ಕೇಳಲಿಲ್ಲ, ನಾನು ಬಿಡಿಸಿ ಹೇಳಲಿಲ್ಲ. ತಲೆಯಾಡಿಸಿ, ವಾರದೊಳಗೆ ಕಳಿಸುತ್ತೇನೆ ಎಂದ.

ಬಂದಾಕೆ ನಲವತ್ತರ ಆಸುಪಾಸಿನ ಹೆಂಗಸು. ಬ್ಯಾಗನ್ನು ಪಡಸಾಲೆಯಲ್ಲಿಟ್ಟು ನೇರವಾಗಿ ಅಕ್ಕನ ಮಂಚದ ಬಳಿ ಹೋದಳು. ಅದು ನನಗೆ ಬಹಳ ಹಿಡಿಸಿತು. ಅಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಬಾಮ್ಮ. ಯಾವೂರು?"

"ಚಿಂತಾಮಣಿ ಕಡೆ ಅಮ್ಮಾ."

"ಚಿಂತಾಮಣಿ ಕಡೆ ಅಂದ್ರೆ ಎಷ್ಟು ಊರಿಲ್ಲ! ಅದ್ರಾಗೆ ಯಾವೂರು?"

"ಕೆಂಚಾರ್ಲಹಳ್ಳಿ."

ಅಕ್ಕನ ಮುಖ ಅರಳಿತು. ಅಷ್ಟು ದಿನದಲ್ಲಿ ಮೊದಲ ಸಲ ಅರಳಿದ್ದು. ಯಾರ ಮನೆ, ಯಾವ ಬೀದಿ, ಮಾವನಿಗೆ ಎಷ್ಟು ಜನ ಅಣ್ಣತಮ್ಮಂದಿರು ಎಂದು ಒಂದೊಂದೇ ಎಳೆ ಹಿಡಿದು ಎಳೆದಳು. ಗೂಡಿನಿಂದ ನೂಲು ಬಿಚ್ಚಿಕೊಂಡ ಹಾಗೆ ಬಂತು. ಬಂದಾಕೆಯ ಗಂಡ ನಮ್ಮ ಬೀಗರಿಗೆ ದಾಯಾದಿ ತಮ್ಮ. ಆಕೆ ನನ್ನ ಮಗಳ ಮದುವೆಗೂ ಬಂದಿದ್ದಳು.

"ನಿಮ್ಮ ಮನೆ ಅಂತ ನನಗೂ ಗೊತ್ತಾಗ್ಲಿಲ್ಲ ಅಮ್ಮಾ. ಏಜೆನ್ಸಿಯೋರು ಜಂಗಮಕೋಟೆ ಅಂದ್ರು, ಫೋನ್ ನಂಬರ್ ಕೊಟ್ರು, ಅಷ್ಟೇ" ಎಂದು ಆಕೆ ನಾಚಿಕೊಂಡು ನಕ್ಕಳು. ನಾವೂ ನಕ್ಕೆವು. ಕೇಳಿದ್ದು ನಮ್ಮ ಕಡೆಯವರನ್ನು, ಸಿಕ್ಕಿದ್ದು ನಮ್ಮವರೇ ಎಂದು ನನಗೆ ಒಳಗೊಳಗೇ ಹೆಮ್ಮೆ.

ಅಕ್ಕ ನನ್ನ ಹೆಂಡತಿಯನ್ನು ಹತ್ತಿರ ಕರೆದು ಮೆಲ್ಲಗೆ ಏನೋ ಅಂದಳು. ಹೆಂಡತಿ ಮಂಚದ ಕೆಳಗಿದ್ದ ಬೆಡ್‌ಪ್ಯಾನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಒಯ್ದಳು. ಆಮೇಲೆ ಅಕ್ಕ ನನ್ನನ್ನು ಕರೆದು, ಕೋಳಿ ಹಿಡಿಯಲು ಹೇಳಿದಳು. ಬೀಗರು ಮನೆಗೆ ಬಂದಾಗ ಕೋಳಿ ಕೊಯ್ಯದೆ ಇರಲಾದೀತೇ?

ಅವತ್ತಿನಿಂದ ಮನೆಯಲ್ಲಿ ನಡೆದದ್ದನ್ನು ನೆನೆದರೆ ನಗು ಬರಬೇಕು, ಬರುವುದಿಲ್ಲ. ಬೀಗಿತ್ತಿಗೆ ಒಳ್ಳೆಯ ಹಾಸಿಗೆ, ಒಳ್ಳೆಯ ತಟ್ಟೆ. ಆಕೆ ಪೊರಕೆ ಮುಟ್ಟಿದರೆ ನನ್ನ ಹೆಂಡತಿ ಓಡಿ ಬಂದು ಕಸಿದುಕೊಳ್ಳುವಳು. ಆಕೆಯೇನು ಸೋಮಾರಿಯಲ್ಲ, ಪಾಪ. ಅಕ್ಕನ ತಲೆ ಬಾಚಿದಳು, ಕೈಗೆ ಎಣ್ಣೆ ತಿಕ್ಕಿದಳು, ಬೆರಳುಗಳನ್ನು ಬಿಡಿಸಿ ಮಡಿಸಿ ವ್ಯಾಯಾಮ ಮಾಡಿಸಿದಳು. ಅಷ್ಟಕ್ಕೆ ಅಕ್ಕ ಬಿಟ್ಟಳು. ಸೊಂಟದ ಕೆಳಗಿನ ಮಾತು ಬಂದರೆ ಮಾತ್ರ "ಇರ್ಲಿ ಬಿಡಮ್ಮ, ಒಣಗೇ ಇದೆ. ನೀನು ಕೂತ್ಕೋ. ಊರ ಕಡೆ ಮಳೆ ಆಯ್ತಾ?" ಎಂದು ಮಾತು ತಿರುಗಿಸುವಳು. ಹೆಂಡತಿ ಬೆಳಿಗ್ಗೆ ಬೀಗಿತ್ತಿ ಸ್ನಾನಕ್ಕೆ ಹೋದ ಹೊತ್ತಿನಲ್ಲಿ, ಮತ್ತೆ ಸಂಜೆ ಏನಾದರೊಂದು ನೆಪ ಹೇಳಿ ಆಕೆಯನ್ನು ತೋಟಕ್ಕೆ ಕಳಿಸಿದ ಹೊತ್ತಿನಲ್ಲಿ, ಕಳ್ಳರ ಹಾಗೆ ಅಕ್ಕನ ಬಟ್ಟೆ ಬದಲಾಯಿಸುತ್ತಿದ್ದಳು. ಆರೈಕೆಗೆ ಬಂದವರಿಗೂ ನಾವೇ ಆರೈಕೆ ಮಾಡುತ್ತಿದ್ದೆವು. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡ ಹಾಗೆ, ನುಂಗುವಂತಿಲ್ಲ, ಉಗುಳುವಂತಿಲ್ಲ.

ನಡುವಿನ ಹೊತ್ತಿನಲ್ಲಿ ಅಕ್ಕ ಏನು ಮಾಡುತ್ತಿದ್ದಳು ಎಂಬುದು ನಮಗೆ ತಡವಾಗಿ ತಿಳಿಯಿತು. ನೀರು ಕುಡಿಯುವುದನ್ನು ಬಿಟ್ಟಿದ್ದಳು. ಲೋಟ ತುಟಿಗೆ ಮುಟ್ಟಿಸಿ ಸಾಕು ಎನ್ನುವಳು. ಗಂಜಿಯೂ ಬೇಡ, ಸಾರೂ ಬೇಡ. ಒದ್ದೆಯಾದರೂ ಹೇಳದೆ, ಅದರಲ್ಲೇ ಗಂಟೆಗಟ್ಟಲೆ ಮಲಗಿರುವಳು. ಬೀಗಿತ್ತಿಯ ಎದುರು ನಗುನಗುತ್ತ ಕೆಂಚಾರ್ಲಹಳ್ಳಿಯ ಸುದ್ದಿ ಕೇಳುವಳು.

ವಾಸನೆ ಹಿಡಿದದ್ದು ಬೀಗಿತ್ತಿಯೇ. ನಾನು ಶಾಲೆಯಿಂದ ಬಂದು ಗೇಟು ತೆಗೆಯುವಷ್ಟರಲ್ಲಿ ಹೊರಗೇ ನಿಂತಿದ್ದಳು. "ಅಣ್ಣಾ, ಅಮ್ಮನ ಬೆನ್ನು ನೋಡಿದ್ರಾ? ನನಗೆ ನೋಡೋಕೆ ಬಿಡ್ತಿಲ್ಲ. ಹುಣ್ಣಾಗಿದೆ ಅನ್ಸುತ್ತೆ" ಎಂದಳು.

ಶಿಡ್ಲಘಟ್ಟದಿಂದ ಡಾಕ್ಟರನ್ನು ಕರೆತಂದೆ. ಅವರು ನನ್ನನ್ನೂ ಬೀಗಿತ್ತಿಯನ್ನೂ ಆಚೆ ಕಳಿಸಿ, ಹೆಂಡತಿಯನ್ನು ಜೊತೆಗಿಟ್ಟುಕೊಂಡು ನೋಡಿದರು. ಹೊರಗೆ ಬಂದು ಮಾತಾಡಿದಾಗ ದನಿ ಮೆಲ್ಲಗಿತ್ತು. ಸೊಂಟದ ಹಿಂದೆ ಚರ್ಮ ಹೋಗಿದೆ. ಇನ್ನೂ ಮೇಲ್ಮೇಲೆ ಇದೆ. ಮೂಳೆಯ ತನಕ ಇಳಿದರೆ ಈ ವಯಸ್ಸಿಗೆ, ಮೊದಲಿಂದ ಇರುವ ಸಕ್ಕರೆ ಕಾಯಿಲೆಗೆ, ಉಳಿಯುವುದು ಕಷ್ಟ. ಒಣಗಿರಬೇಕು, ಹೊರಳಿಸುತ್ತಿರಬೇಕು, ನೀರು ಆಹಾರ ಹೋಗಬೇಕು. ನರ್ಸನ್ನು ಕಳಿಸಿ ಡ್ರೆಸ್ಸಿಂಗ್ ಮಾಡಿಸುತ್ತೇನೆ, ಮಿಕ್ಕಿದ್ದು ಮನೆಯವರ ಕೈಯಲ್ಲಿದೆ. ಆಗದಿದ್ದರೆ ಅಡ್ಮಿಟ್ ಮಾಡಿಬಿಡಿ ಎಂದರು.

ಆಸ್ಪತ್ರೆಯ ಹೆಸರು ಕೇಳಿದರೆ ಅಕ್ಕ ಮುಖ ತಿರುಗಿಸುತ್ತಿದ್ದಳು. ವಾರ್ಡಿನಲ್ಲಿ ಗಂಡಸರು ಓಡಾಡುತ್ತಾರೆ, ಪರದೆ ಪೂರ್ತಿ ಮುಚ್ಚುವುದಿಲ್ಲ, ಅಲ್ಲಿಗೆ ಒಯ್ದರೆ ನಾನು ವಾಪಸ್ಸು ಬರಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದಳು. ಅವಳು ಹೇಳಿದಂತೆ ನಡೆದುಕೊಳ್ಳುವವಳು. ನನಗೆ ಭಯವಾಯಿತು. ಭಯವಾದಾಗ ನನಗೆ ಸಿಟ್ಟು ಬರುತ್ತದೆ, ಅದು ನನ್ನ ಹುಟ್ಟುಗುಣ. ಒಳಗೆ ಹೋಗಿ ಕೂಗಾಡಿದೆ.

"ಬೀಗರ ಮರ್ಯಾದೆ ದೊಡ್ಡದೋ ನಿನ್ನ ಜೀವ ದೊಡ್ಡದೋ?"

"ಮೆಲ್ಲಗೆ ಮಾತಾಡೋ. ಆಚೆ ಇದಾಳೆ."

"ಇರ್ಲಿ! ಕೇಳಿಸ್ಲಿ! ಆ ಕೆಲಸಕ್ಕೇ ಅಲ್ವಾ ಅವಳು ಬಂದಿರೋದು?"

ಅಕ್ಕ ತೊದಲುತ್ತ, ಒಂದೊಂದೇ ಮಾತು ಜೋಡಿಸಿ ಹೇಳಿದಳು. "ಮಗಳು ಬಾಳೋ ಊರು ಕಣೋ ಅದು. ಗಂಡನ ಮನೆ ಅಂದ್ಮೇಲೆ ಒಂದು ದಿನ ಮಾತು ಬರ್ತದೆ, ಒಂದು ದಿನ ಹೋಗ್ತದೆ. ಯಾವತ್ತೋ ಒಂದು ಜಗಳದಾಗೆ, 'ನಿಮ್ಮ ಸೋದರತ್ತೆ ಹೇಲು ಬಾಚಿದೋರು ನಾವು' ಅಂತ ಒಬ್ಬರು ಅಂದ್ರೆ ಸಾಕು. ಮಗು ತಲೆ ಎತ್ತಕ್ಕಾಗ್ತದಾ? ನಾನು ಕೊಟ್ಟ ಹೆಣ್ಣು ಅದು."

ಅಕ್ಕ ಹೇಳಿದ್ದು ಸುಳ್ಳು ಎನ್ನಲು ನಾನೇನು ಈ ಸೀಮೆಯವನಲ್ಲವೇ? ಆಡುವವರ ಬಾಯಿ ನನಗೂ ಗೊತ್ತು.

ಬೀಗಿತ್ತಿಗೆ ಎಲ್ಲ ಕೇಳಿಸಿತ್ತು. ಮರುದಿನ ಬೆಳಿಗ್ಗೆ ಬ್ಯಾಗು ಕಟ್ಟಿಕೊಂಡು ಬಂದಳು. ಮುಖದಲ್ಲಿ ಕೋಪವಿರಲಿಲ್ಲ.

"ನಾನಿದ್ರೆ ಅಮ್ಮ ಉಳಿಯಲ್ಲ ಅಣ್ಣಾ. ಗುರುತು ಪರಿಚಯ ಇಲ್ದೋರನ್ನ ಕರೆಸ್ಕೊಳ್ಳಿ."

"ನಿಮಗೆ ಬೇಜಾರು ಮಾಡಿದ್ವಿ."

"ಬೇಜಾರು ಯಾಕೆ? ನಮ್ಮತ್ತೆಯೂ ಹಿಂಗೇ ಇದ್ರು. ನಾನು ಊರಿಗೆ ಹೋಗಿ, ನೆಂಟರ ಮನೆಗೆ ಹೋಗಿದ್ದೆ ಅಂತೀನಿ. ಸುಳ್ಳೇನಲ್ವಲ್ಲ."

ನನ್ನ ಹೆಂಡತಿ ಅರಿಶಿನ ಕುಂಕುಮ ಕೊಟ್ಟು, ರವಿಕೆ ಕಣ ಕೊಟ್ಟು, ಬಸ್ಸಿನವರೆಗೂ ಹೋಗಿ ಬಿಟ್ಟು ಬಂದಳು. "ಎಲ್ಲಾರ್ನೂ ಕೇಳ್ದೆ ಅಂತ ಹೇಳಮ್ಮ" ಎಂದು ಅಕ್ಕ ಮಂಚದಿಂದಲೇ ಹೇಳಿ ಕಳಿಸಿದಳು. ಆಕೆ ಬಾಗಿಲು ದಾಟಿದ ಮೇಲೆ, ಹೆಂಡತಿ ವಾಪಸ್ಸು ಬಂದ ಮೇಲೆ, "ನನ್ನ ಬಟ್ಟೆ ನೋಡೇ" ಎಂದಳು. ಹಾಸಿಗೆ ಎಲ್ಲ ನೆನೆದಿತ್ತು.

ಚಿಕ್ಕಬಳ್ಳಾಪುರಕ್ಕೆ ಮತ್ತೆ ಹೋದೆ. ಏಜೆನ್ಸಿಯವನ ಮುಂದೆ ಕೂತು, ಯಾರಾದರೂ ಪರವಾಗಿಲ್ಲ, ದೂರದವರಾಗಿರಬೇಕು ಎಂದೆ. ಎಷ್ಟು ದೂರ ಎಂದ. ನೆಂಟಸ್ತನ ಹುಟ್ಟದಷ್ಟು ಎಂದೆ. ಆತ ನಗಲಿಲ್ಲ. ಇದು ಹೊಸ ಮಾತೇನಲ್ಲ ಎನ್ನುವಂತೆ ಫೋನು ತೆಗೆದುಕೊಂಡು ಒಬ್ಬಾಕೆಗೆ ತೆಲುಗಿನಲ್ಲಿ ಮಾತಾಡಿದ.

ಎರಡನೆಯಾಕೆ ಗೌರಿಬಿದನೂರಿನ ಆಚೆಯಿಂದ ಬಂದಳು. ಎತ್ತರದ ಮೈಕಟ್ಟು, ಕಡಿಮೆ ಮಾತು. ನನಗೆ ಮಾತ್ರ ಅಳುಕು ಹೋಗಿರಲಿಲ್ಲ. ಅಕ್ಕನಿಗೆ ಅತ್ತ ಹಿಂದೂಪುರದವರೆಗೂ ಜನ ಗೊತ್ತು. ಮನಸ್ಸು ಮಾಡಿದರೆ ಯಾರನ್ನಾದರೂ ನೆಂಟರನ್ನಾಗಿ ಮಾಡಬಲ್ಲವಳು. ಆಕೆ ಮಂಚದ ಬಳಿ ಹೋಗಿ ನಮಸ್ಕಾರ ಮಾಡಿ, ರೂಢಿಯಂತೆ ತಾನೇ ಶುರು ಮಾಡಿದಳು. "ಮಾದಿ..." ಎಂದು ತೆಲುಗಿನಲ್ಲಿ 'ನಮ್ಮದು ಇಂಥ ಊರು' ಎನ್ನುವಷ್ಟರಲ್ಲಿ ಅಕ್ಕ ಬಲಗೈ ಎತ್ತಿ ತಡೆದಳು.

"ಊರಿ ಮಾಟ ವದ್ದಮ್ಮಾ. ಪನಿ ಚೂಸ್ಕೋ."

ಊರ ಮಾತು ಬೇಡ, ಕೆಲಸ ನೋಡಿಕೋ. ಹಾಗೆಂದು ಗೋಡೆಯ ಕಡೆಗೆ ಮುಖ ತಿರುಗಿಸಿದಳು. ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಒಳಗೆ ನೀರಿನ ಸದ್ದು, ಬಟ್ಟೆ ಹಿಂಡುವ ಸದ್ದು. ಸಮಾಧಾನವಾಗಬೇಕಿತ್ತು, ಆಯಿತು ಕೂಡ. ಆದರೂ ಬಾಗಿಲ ಬಳಿಯಿಂದ ಕದಲದೆ ನಿಂತೆ. ದಾರಿಹೋಕರು ನೀರು ಕೇಳಿದರೂ ಅವರ ಊರು, ಬಳಗ ಕೇಳಿ ತಿಳಿದುಕೊಳ್ಳುತ್ತಿದ್ದವಳು ನನ್ನ ಅಕ್ಕ. ಅದು ಅವಳಿಗೆ ಕುತೂಹಲವಾಗಿರಲಿಲ್ಲ. ಗಂಡ, ಮಕ್ಕಳು ಇಲ್ಲದವಳು ಲೋಕವನ್ನು ತನ್ನದು ಮಾಡಿಕೊಂಡ ಬಗೆ ಅದು. ಇವಳೊಬ್ಬಳನ್ನು ಮಾತ್ರ ತನ್ನವಳಾಗದಂತೆ ದೂರ ಇಟ್ಟಳು.

ಆಕೆ ಇದ್ದಷ್ಟು ಕಾಲವೂ ನಾವು ಯಾರೂ ಊರು ಕೇಳಲಿಲ್ಲ. ಆಕೆಯೂ ಹೇಳಲಿಲ್ಲ. ಅಕ್ಕ ಆಕೆಗೆ ಏನಾದರೂ ಬಡಿಸಬೇಕೆಂದು ಒದ್ದಾಡಲಿಲ್ಲ, ಏನೂ ಮುಚ್ಚಲಿಲ್ಲ. ನೀರು ಕುಡಿಯತೊಡಗಿದಳು. ಗಾಳಿ ಹಾಸಿಗೆ ತಂದು ಹಾಕಿದೆವು. ನರ್ಸ್ ಬಂದು ಡ್ರೆಸ್ಸಿಂಗ್ ಮಾಡಿ ಹೋಗುತ್ತಿದ್ದಳು. ಹುಣ್ಣು ಇಳಿಯುವುದು ನಿಂತಿತು, ನಿಧಾನವಾಗಿ ಅಂಚಿನಿಂದ ಮುಚ್ಚಿಕೊಳ್ಳುತ್ತ ಬಂತು. ನನ್ನ ಹೆಂಡತಿ ಹುಳದ ಮನೆಗೆ ಮರಳಿದಳು. ಆ ಸಲದ ಬೆಳೆ ಚೆನ್ನಾಗಿ ಆಯಿತು.

ಗೂಡು ಬಿಡಿಸಿದ ಮೇಲೆ ಹೆಂಡತಿಯೇ ಶಿಡ್ಲಘಟ್ಟದ ಮಾರುಕಟ್ಟೆಗೆ ತೆಗೆದುಕೊಂಡು ಹೋದಳು. ಅವತ್ತು ಭಾನುವಾರವಲ್ಲ, ಯಾವುದೋ ರಜೆ, ನಾನು ಮನೆಯಲ್ಲಿದ್ದೆ. ಗೌರಿಬಿದನೂರಿನ ಕಡೆಯಾಕೆ ನೆಂಟರ ಮದುವೆಗೆಂದು ಹೋಗಿದ್ದವಳು ಮಧ್ಯಾಹ್ನಕ್ಕೆ ಬರಬೇಕಿತ್ತು. ಬಸ್ಸು ಸಿಗಲಿಲ್ಲ, ಸಂಜೆಯಾಗುತ್ತದೆ ಎಂದು ಫೋನು ಮಾಡಿದಳು. ಹುಣ್ಣಿಗೆ ಕೊಡುತ್ತಿದ್ದ ಮಾತ್ರೆಯಿಂದಲೋ ಏನೋ, ಊಟವಾದ ಸ್ವಲ್ಪ ಹೊತ್ತಿಗೆ ಅಕ್ಕನಿಗೆ ಭೇದಿ ಶುರುವಾಯಿತು.

ನಾನು ಬಾಗಿಲಲ್ಲಿ ನಿಂತೆ. ಅವಳು ಸೂರು ನೋಡುತ್ತ ಮಲಗಿದ್ದಳು.

"ಅಕ್ಕಾ, ನಾನು ಮಾಡ್ತೀನಿ."

"ನೀನು ಬೇಡ ಕಣೋ. ಅವಳು ಬರ್ಲಿ."

"ಅವಳು ಬರೋದು ಸಾಯಂಕಾಲ. ಅಲ್ಲೀತನಕ ಹಿಂಗೇ ಇದ್ರೆ ಹುಣ್ಣು ಮತ್ತೆ ಬಾಯಿ ಬಿಡ್ತದೆ."

"ಪಕ್ಕದ ಮನೆಯೋರು?"

"ಅವರನ್ನ ಕರೀಲಾ?"

ನಾನು ಕಾದೆ. ತುಂಬಾ ಹೊತ್ತು ಕಾದೆ ಅನ್ನಿಸಿತು. ಕೊನೆಗೆ ಅಕ್ಕ, "ಬಾಗಿಲು ಹಾಕು" ಎಂದಳು. ಹಾಕಿದೆ.

"ನಾನು ಕಣ್ಣು ಮುಚ್ಕೋತೀನಿ. ಏಜೆನ್ಸಿಯಿಂದ ಯಾರೋ ಬಂದವ್ರೆ ಅನ್ಕೋತೀನಿ. ನೀನು ಮಾತಾಡ್ಬೇಡ. ಮಾತಾಡಿದ್ರೆ ನೀನೇ ಅಂತ ಗೊತ್ತಾಗ್ತದೆ."

ಹ್ಞೂಂ ಎನ್ನಲೂ ಭಯವಾಯಿತು. ಬಿಸಿನೀರು, ಬಟ್ಟೆ, ಟವೆಲು ತಂದೆ. ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು, ಮಕ್ಕಳು ಕಣ್ಣಾಮುಚ್ಚಾಲೆಯಲ್ಲಿ ಮುಚ್ಚಿಕೊಳ್ಳುವ ಹಾಗೆ. ನಾನು ಉಸಿರು ಬಿಗಿಹಿಡಿದು ಅವಳನ್ನು ಪಕ್ಕಕ್ಕೆ ಹೊರಳಿಸಿದೆ. ಅಕ್ಕ ಇಷ್ಟು ಹಗುರ ಎಂದು ನನಗೆ ಗೊತ್ತಿರಲಿಲ್ಲ.

"ಮೆಲ್ಲಗಮ್ಮಾ. ಅಲ್ಲಿ ನೋಯ್ತದೆ" ಎಂದಳು. ನನಗಲ್ಲ, ಯಾರೋ ಹೆಂಗಸಿಗೆ.

ನಾನು ಮೆಲ್ಲಗೆ ಮಾಡಿದೆ. ತೊಳೆದೆ, ಒರೆಸಿದೆ, ಹುಣ್ಣಿನ ಪಟ್ಟಿ ನೆನೆದಿಲ್ಲವೆಂದು ನೋಡಿಕೊಂಡೆ. ಒಣಗಿದ ಬಟ್ಟೆ ಹಾಕುವಾಗ ಅಕ್ಕ ಮತ್ತೆ ಮಾತಾಡಿದಳು, ಕಣ್ಣು ಮುಚ್ಚಿಕೊಂಡೇ.

"ನನ್ನ ತಮ್ಮ ಇದಾನಮ್ಮ ಆಚೆ. ಮೇಷ್ಟ್ರು. ಅವನ್ನ ಒಳಗೆ ಬಿಡ್ಬೇಡ. ಅವನು ಇದನ್ನೆಲ್ಲ ನೋಡಿದ್ರೆ ತಡ್ಕಳಲ್ಲ."

ಕಣ್ಣೀರು ಬಂದದ್ದು ಸರಿ, ಮೂಗು ಸೊರ್ ಎನ್ನದ ಹಾಗೆ ನೋಡಿಕೊಳ್ಳುವುದೇ ದೊಡ್ಡ ಕೆಲಸವಾಯಿತು. ತೋಳಿಗೆ ಮುಖ ಒರೆಸಿಕೊಂಡೆ. ಸೀರೆ ಸರಿಮಾಡಿ, ಕತ್ತಿನವರೆಗೂ ಹೊದಿಸಿ, ಬಕೆಟ್ಟು ಎತ್ತಿಕೊಂಡು, ಸದ್ದಾಗದಂತೆ ಬಾಗಿಲು ತೆಗೆದು ಹೊರಗೆ ಬಂದೆ. ಬಾಗಿಲು ಮುಚ್ಚಿದೆ. ಹಿತ್ತಲಲ್ಲಿ ಎಲ್ಲ ತೊಳೆದು ಹಾಕಿ, ಕೈಕಾಲು ಮುಖ ತೊಳೆದು, ಅಂಗಿ ಬದಲಾಯಿಸಿ, ಕಲ್ಲಿನ ಮೇಲೆ ಕೂತೆ. ಮುಖ ನೆಟ್ಟಗಾಗಲಿ ಎಂದು ಕಾದೆ.

ಆಮೇಲೆ ಮುಂಬಾಗಿಲಿಗೆ ಸುತ್ತಿ ಬಂದು, ಚಪ್ಪಲಿ ಸದ್ದು ಮಾಡಿ ಬಿಟ್ಟು, ಕೋಣೆಯ ಬಾಗಿಲು ತಟ್ಟಿದೆ.

"ಅಕ್ಕಾ."

"ಯಾರು?"

"ನಾನು ಕಣಕ್ಕಾ."

"ಬಾರೋ ಒಳಗೆ." ಕಣ್ಣು ಬಿಟ್ಟಿದ್ದಳು. ನನ್ನನ್ನು ಒಂದು ಗಳಿಗೆ ನೋಡಿದಳು. "ಎಲ್ಲಿಗೆ ಹೋಗಿದ್ದೋ ಇಷ್ಟೊತ್ತು?"

"ಮೇಲೂರಿಗೆ ಹೋಗಿದ್ದೆ" ಎಂದೆ.